ಗಟ್ಟಿಯಾಗಿ ಮಾಡಿದ ಪ್ರಾರ್ಥನೆ

ಬಾದಾಮಿ ಸ್ಟೇಶನ್ನಿನಲ್ಲಿ ಇಳಿದಾಗಿನಿಂದ ಯೂನಿಸಬಾಯಿ ಒಂದೇ ಮಾತನ್ನು ತಿದ್ದುತ್ತ ಕುಳಿತಿದ್ದಳು. ‘ನಿನ್ನನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ’ ಎಂದರೆ ಅಪ್ಪಣೆ ಮಾಡಿದಂತಾಗುತ್ತದೆ. ‘ಬರುತ್ತೀಯಾ, ಬೋರವ್ವ’ ಎಂದರೆ ಬೇಡಿದಂತಾಗುತ್ತದೆ. ‘ಸೋಮವಾರ ಮುಲ್ಕಿ ಪರೀಕ್ಷೆ’ ಎಂದಷ್ಟೇ ಹೇಳಿ ಸುಮ್ಮನಾಗಿಬಿಟ್ಟರೆ? ಅದರಲ್ಲಿ ಸುಳ್ಳಿಲ್ಲ. ಆದರೆ ತಾನು ಹೇಳಬೇಕಾದದ್ದೂ ಅದರಲ್ಲಿ ಇಲ್ಲ. ಟಾಂಗಾದ ಹಿಂಬದಿಯ ಹಲಗೆಯ ಮೇಲೆ, ಸೆರಗನ್ನು ಧೂಳಿಗೆ ಅಡ್ಡ ಹಿಡಿದು, ಕೊಡೆಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಹಿಂದೆ ಹಿಂದೆ ಸರಿಯುವ ಕೆಂಪು ಗುಡ್ಡಗಳನ್ನು ಅವಳು ನೋಡಿದಳು. ಮಾರ್ಚಿನ ಬಿಸಿಲು ಹತ್ತು ಗಂಟೆಗೇ ಬಂಡೆಗಳ ಮೇಲೆ ಕುಳಿತುಬಿಟ್ಟಿತ್ತು. ಯಾವ ಮಾತನ್ನೂ ಮೊದಲು ಮನಸ್ಸಿನಲ್ಲಿ ಬರೆದು, ತಿದ್ದಿ, ಆಮೇಲೆ ಆಡುವುದು ಅವಳ ಅಭ್ಯಾಸ. ಧಾರವಾಡದಲ್ಲಿ ಟ್ರೇನಿಂಗ್ ಕಾಲೇಜಿನಲ್ಲಿದ್ದಾಗ ಜೊತೆಯವರು ಅದಕ್ಕೇ ನಗುತ್ತಿದ್ದರು. ಹದಿಮೂರು ವರ್ಷಗಳಿಂದ ಬಾಗಲಕೋಟೆಯ ಮಿಶನ್ ಶಾಲೆಯಲ್ಲಿ ಕಲಿಸುತ್ತಿದ್ದಾಳೆ. ಒಂದು ಮಾತಿಗೂ ಯಾರಿಂದಲೂ ಬೊಟ್ಟು ತೋರಿಸಿಕೊಂಡವಳಲ್ಲ. ತಿದ್ದದೆ ಆಡಿದ ಮಾತು ಒಂದೇ ಒಂದು. ಅದನ್ನು ಆಡುವಾಗ ಅವಳ ಕಣ್ಣು ಮುಚ್ಚಿತ್ತು.

‘ಬಾಯಾರ, ಮಹಾಕೂಟಕ್ಕ ಅಂದ್ರಿ. ನಿಮ್ಮ ಮಂದಿ ಗುಡಿಗೆ ಹೋಗೂದಿಲ್ಲಲ್ರಿ?’ ಟಾಂಗಾ ಹೊಡೆಯುವ ನಬಿಸಾಬ ಹಿಂತಿರುಗದೆಯೇ ಕೇಳಿದ.

‘ಗುಡಿಗಲ್ಲ. ಗುಡಿ ಹಾದಿಯಾಗ ಹುಲ್ಲಪ್ಪ ಅನ್ನವನ ಕುರಿ ಹಟ್ಟಿ ಐತಂತ. ಅಲ್ಲಿಗೆ.’

‘ಸಾಲಿ ಮಗಳ ಹುಲ್ಲಪ್ಪ ಏನ್ರಿ? ಹಂಗ ಹೇಳ್ರಲ್ಲ!’ ನಬಿಸಾಬ ಈಗ ಪೂರಾ ತಿರುಗಿ ಕುಳಿತ. ಕುದುರೆ ತನಗೆ ಗೊತ್ತಿದ್ದ ದಾರಿಯಲ್ಲಿ ತಾನೇ ನಡೆಯಿತು. ‘ನನ್ನ ತಮ್ಮ ಸೊಲ್ಲಾಪುರ ಗಿರಣಿಯಾಗ ಇದ್ದಾನ್ರಿ. ಅವನ ಕಾಗದ ಮೂರು ತಿಂಗಳಿಂದ ಪಟಗಾದಾಗ ಕಟ್ಟಿಕೊಂಡು ತಿರಗತಿದ್ದೆ. ಊರಾಗ ಓದೂ ಮಂದಿ ಅದಾರ. ಆದ್ರ ಓದಿದ ಮ್ಯಾಲ ಸುಮ್ನಿರೂ ಮಂದಿ ಇಲ್ಲ. ಹುಲ್ಲಪ್ಪನ ಮಗಳು ಬೋರವ್ವನ ಕೈಯಾಗ ಕೊಟ್ಟೆ. ಓದಿದ್ಳು. ಮನಿ ಹೆಣ್ಣಮಕ್ಕಳ ವಿಷಯ ಇತ್ರಿ ಅದರಾಗ. ಯಾರಿಗೂ ಹೇಳಬ್ಯಾಡವಾ ಅಂದೆ. ಏನಂದ್ಳು ಗೊತ್ತೇನ್ರಿ? ಯಾವ ಕಾಗದ ಕಾಕಾ, ಅಂದ್ಳು.’ ಅವನು ತೊಡೆ ತಟ್ಟಿಕೊಂಡು ನಕ್ಕ. ‘ಹದಿನಾಲ್ಕು ವರ್ಷದ ಕೂಸರಿ! ಅಂಥಾ ಗುಣಾ ಕಲಿಸಿದವರು ಯಾರೋ ಅಂತ ನಾನೂ ಅಂದ್ಕೊಂಡೆ. ನೀವ ಏನ್ರಿ?’

‘ಅಲ್ಲ,’ ಎಂದಳು ಯೂನಿಸಬಾಯಿ. ಅದು ವಿನಯವೆಂದು ತಿಳಿದು ನಬಿಸಾಬ ಮತ್ತೆ ನಕ್ಕು ಲಗಾಮು ಹಿಡಿದ.

ಅವಳಿಗೆ ಗುರುವಾರದ ಬೇವಿನ ಗಿಡ ನೆನಪಾಯಿತು. ಶಾಲೆಯಲ್ಲಿ ಪ್ರತಿಯೊಬ್ಬ ಶಿಕ್ಷಕಿಗೂ ಹತ್ತು ಹುಡುಗಿಯರನ್ನು ಒಪ್ಪಿಸಿರುತ್ತಾರೆ. ಅವರ ಓದು, ಜ್ವರ, ತಲೆಯ ಹೇನು, ಆತ್ಮ, ಎಲ್ಲವೂ ಅವಳ ಪಾಲಿಗೆ. ಗುರುವಾರ ಸಂಜೆ ಒಬ್ಬೊಬ್ಬಳೇ ಬಂದು ಗಿಡದ ಕಟ್ಟೆಯ ಮೇಲೆ ಕಾಲು ಗಂಟೆ ಕೂಡಬೇಕು, ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕು. ಒಂಟಿ ಮಾತು ಎಂದು ಅದಕ್ಕೆ ಹೆಸರು. ಹೆಚ್ಚಿನ ಹುಡುಗಿಯರು ಮನಸ್ಸಿನಲ್ಲಿ ಏನೂ ಇಲ್ಲದೆ ಬಂದು, ಇಲ್ಲದ ಪಾಪಗಳನ್ನು ಹುಡುಕಿ, ಬೆಲ್ಲ ಕದ್ದೆ, ಸುಳ್ಳು ಹೇಳಿದೆ ಎಂದು ಒಪ್ಪಿಸಿ ಓಡುತ್ತಾರೆ. ಬೋರವ್ವ ಹಾಗಲ್ಲ. ಕುಳಿತ ಮೇಲೆ ಬಹಳ ಹೊತ್ತು ಸುಮ್ಮನಿರುತ್ತಾಳೆ. ಪ್ಲೇಗಿನಲ್ಲಿ ತಾಯಿ ಸತ್ತ ಮೇಲೆ, ಕುರಿಗಳ ಹಿಂದೆ ಊರೂರು ತಿರುಗುವ ತಂದೆ ಆರು ವರ್ಷದ ಕೂಸನ್ನು ಕಂಬಳಿಯಲ್ಲಿ ಸುತ್ತಿ ತಂದು ಶಾಲೆಯ ಮೆಟ್ಟಿಲ ಮೇಲೆ ಇಳಿಸಿದ್ದ. ಅಂದಿನಿಂದ ಅವಳನ್ನು ಯೂನಿಸಬಾಯಿ ನೋಡಿದ್ದಾಳೆ. ದೀಕ್ಷಾಸ್ನಾನ ಆಗಿಲ್ಲ, ತಂದೆ ಬೇಡವೆಂದಿದ್ದ. ಆದರೆ ಕೀರ್ತನೆಗಳು ಅವಳಷ್ಟು ಯಾರಿಗೂ ಬಾಯಿಪಾಠವಿಲ್ಲ. ಎರಡು ವಾರದ ಹಿಂದಿನ ಗುರುವಾರ ಬೋರವ್ವ ಪಾದದ ಹೆಬ್ಬೆರಳಿನಿಂದ ಮಣ್ಣು ಕೆದರುತ್ತ ಹೇಳಿದ್ದಳು: ‘ಬಾಯಾರ, ಲೆಕ್ಕ ಮಾಡೂಮುಂದ ನನ್ನ ಕೈ ನಡಗ್ತಾವ್ರಿ. ಆಗ ಹೋಗಿ ಪೆಟ್ಟಿಗಿ ತಗದು ಒಂದು ಚೀಲ ಮೂಸಿ ಬರ್ತೇನಿ. ಬೀರಪ್ಪನ ಭಂಡಾರದ ಚೀಲ. ನಮ್ಮವ್ವ ಪ್ಲೇಗಿನ ಝೋಪಡಿಗೆ ಹೋಗೂಮುಂದ ತನ್ನ ಸೆರಗಿನಿಂದ ಬಿಚ್ಚಿ ನನಗ ಕಟ್ಟಿದ್ದು. ಹಚ್ಚಿಕೊಳ್ಳೂದಿಲ್ರಿ. ಬೇಡಿಕೊಳ್ಳೂದೂ ಇಲ್ಲ. ಬರೇ ಮೂಸ್ತೇನಿ. ಅರಿಷಿಣ, ಅವ್ವನ ಸೀರಿ, ಎರಡೂ ವಾಸನಿ ಬರ್ತಾವು. ಅಂಜಿಕಿ ಹೋಗತೈತಿ. ಇದು ಪಾಪ ಏನ್ರಿ?’ ಯೂನಿಸಬಾಯಿ ಆಗ ಅವಳನ್ನು ತಿದ್ದಲಿಲ್ಲ, ತಿದ್ದಬೇಕೆನಿಸಲಿಲ್ಲ. ಹುಡುಗಿಯ ತಲೆಯ ಮೇಲೆ ಕೈ ಇಟ್ಟು, ‘ಅಲ್ಲ ಮಗಳ, ಪಾಪ ಅಲ್ಲ’ ಎಂದಳು. ಖರೆಯಾಗಿಯೇ ಅಂದಳು. ಆ ಹೊತ್ತಿಗೆ ಅವಳಿಗೆ ಅದು ಪಾಪವಾಗಿ ಕಾಣಲೇ ಇಲ್ಲ. ಸುಳ್ಳು ಸಮಾಧಾನ ಹೇಳಿ ಆಮೇಲೆ ಸತ್ಯ ನುಡಿದಿದ್ದರೆ ಅದಕ್ಕೊಂದು ನ್ಯಾಯವಿತ್ತು. ತಾನು ಮಾಡಿದ್ದು ಅದರ ಉಲ್ಟಾ.

ಶನಿವಾರ ನಾಲ್ಕು ಗಂಟೆಗೆ ಶಿಕ್ಷಕಿಯರ ಪ್ರಾರ್ಥನಾ ಕೂಟ. ಶಾಲೆ ನಡೆಸುವ ಬಿಳಿಯ ಹೆಂಗಸು ಹಿರಿಯ ಮಿಸ್ಸಿಯವರ ಕೋಣೆಯಲ್ಲಿ ಹನ್ನೊಂದು ಜನ ಮಂಡಿಯೂರಿ, ಕಣ್ಣು ಮುಚ್ಚಿ, ಸರದಿಯಂತೆ ತಮ್ಮ ತಮ್ಮ ಹುಡುಗಿಯರ ಹೆಸರು ಹಿಡಿದು ಬೇಡಿಕೊಳ್ಳಬೇಕು. ಬರೇ ಹೆಸರು ಹೇಳಿದರೆ ಸಾಲದು. ಆ ಹುಡುಗಿಯ ಕೊರತೆ ಏನೆಂದು ದೇವರ ಮುಂದೆ ಬಿಚ್ಚಿ ಇಡಬೇಕು ಎಂಬುದು ಮಿಸ್ಸಿಯವರು ಹಾಕಿದ ರೂಢಿ. ಯೂನಿಸಬಾಯಿ ಶುಕ್ರವಾರವೇ ತನ್ನ ಪ್ರಾರ್ಥನೆಯನ್ನು ಬರೆದುಕೊಳ್ಳುತ್ತಿದ್ದಳು. ಅವಳ ಪ್ರಾರ್ಥನೆಗಳಲ್ಲಿ ವ್ಯಾಕರಣ ಎಲ್ಲಿಯೂ ತಪ್ಪುತ್ತಿರಲಿಲ್ಲ. ಮುಗಿಸಿದಾಗ ಕೋಣೆಯಲ್ಲಿ ಒಂದು ತೆಳ್ಳನೆಯ ಆಮೆನ್ ಏಳುತ್ತಿತ್ತು, ಊಟ ಸಾಕೆಂದವರಿಗೆ ಬಡಿಸಿದ ಹಾಗೆ. ಆ ಶನಿವಾರ ಅವಳಿಗಿಂತ ಮೊದಲು ಸಲೋಮಿಯ ಸರದಿ. ಸಲೋಮಿ ಹೊಸಬಳು, ಹುನಗುಂದದ ಕಡೆಯವಳು, ಬಂದು ಎರಡು ತಿಂಗಳು ಆಗಿರಲಿಲ್ಲ. ತನ್ನ ಹುಡುಗಿಯೊಬ್ಬಳ ಕಳ್ಳತನವನ್ನು ಹೇಳುತ್ತ ಹೇಳುತ್ತ ಅವಳು ಅತ್ತುಬಿಟ್ಟಳು. ಮಾತು ತಪ್ಪಿತು, ಕರ್ತೃ ಕ್ರಿಯೆ ಒಂದಕ್ಕೊಂದು ಸಿಗಲಿಲ್ಲ. ಕೊನೆಗೆ ಎದ್ದ ಆಮೆನ್ ದಪ್ಪವಾಗಿತ್ತು. ಮಿಸ್ಸಿಯವರ ದನಿಯೂ ಅದರಲ್ಲಿ ನಡುಗಿತ್ತು. ಆಮೇಲಿನ ಮೌನದಲ್ಲಿ ಎಲ್ಲರೂ ತನಗಾಗಿ ಕಾಯುತ್ತಿದ್ದರು. ಶುಕ್ರವಾರ ಬರೆದದ್ದು ನೆನಪಿತ್ತು. ಬಾಯಿ ಅದನ್ನು ಒಲ್ಲೆ ಎಂದಿತು. ‘ಕರ್ತನೇ, ಬೋರವ್ವನನ್ನು ನೋಡು,’ ಎಂದು ತನ್ನ ಧ್ವನಿ ಹೇಳುವುದು ಕೇಳಿಸಿತು. ‘ಲೆಕ್ಕ ಮಾಡುವಾಗ ಅವಳ ಕೈಗಳು ನಡುಗುತ್ತವೆ. ನಿನ್ನ ಕಡೆ ತಿರುಗುವ ಬದಲು ಅವಳು ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಭಂಡಾರದ ಕಡೆ ತಿರುಗುತ್ತಾಳೆ. ಸತ್ತ ತಾಯಿಯ ಸೆರಗಿನ ಗಂಟಿನಿಂದ ಆ ಮಗುವನ್ನು ಬಿಡಿಸು.’ ಸೆರಗಿನ ಗಂಟು. ಆ ಮಾತು ಎಷ್ಟು ಚೆನ್ನಾಗಿ ಬಂತೆಂದು ಆ ಕ್ಷಣದಲ್ಲಿಯೇ ಅವಳಿಗೆ ಅನಿಸಿತ್ತು. ಅದನ್ನು ಅವಳು ಯಾರಿಗೂ ಹೇಳಲಾರಳು. ದಪ್ಪ ಆಮೆನ್ ಎದ್ದಿತು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಏಳುವಾಗ ಮಿಸ್ಸಿಯವರು ಅವಳ ಹೆಗಲು ಮುಟ್ಟಿದ್ದರು.

ಮಿಸ್ಸಿಯವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಯೂನಿಸಬಾಯಿಗೆ ಈ ದಾರಿ ಇಷ್ಟು ಉದ್ದವಾಗುತ್ತಿರಲಿಲ್ಲ. ಅವರು ಬೈಯಲಿಲ್ಲ, ಹೊಡೆಯಲಿಲ್ಲ. ಭಾನುವಾರ ಮಧ್ಯಾಹ್ನ ಬೋರವ್ವನ ಪೆಟ್ಟಿಗೆಯ ಮುಂದೆ ತಾವೂ ನೆಲದ ಮೇಲೆ ಕುಳಿತು, ಪುಸ್ತಕದಿಂದ ಕಲಿತ ತಮ್ಮ ಕನ್ನಡದಲ್ಲಿ, ‘ಮಗಳೇ, ಇದನ್ನು ನೀನು ನಿನ್ನ ಸ್ವಂತ ಕೈಗಳಿಂದಲೇ ತ್ಯಜಿಸತಕ್ಕದ್ದು’ ಎಂದರು. ಹುಣಸೆ ಮರದ ಕೆಳಗಿನ ಕಸದ ಗುಂಡಿಯ ಸುತ್ತ ಹುಡುಗಿಯರನ್ನೆಲ್ಲ ನಿಲ್ಲಿಸಿ ಒಂದು ಕೀರ್ತನೆ ಹಾಡಿಸಿದರು, ಬೋರವ್ವನಿಗೆ ಧೈರ್ಯವಾಗಲೆಂದು. ಹಾಡಿಗೆ ಜೊತೆಯಾಗುವ ಎರಡನೆಯ ಸ್ವರ ಎತ್ತಿಕೊಡುವುದು ಯಾವಾಗಲೂ ಯೂನಿಸಬಾಯಿಯ ಕೆಲಸ. ಅಂದೂ ಎತ್ತಿಕೊಟ್ಟಳು. ಬೋರವ್ವ ಅಳಲಿಲ್ಲ. ಚೀಲವನ್ನು ಬುಡಮೇಲು ಮಾಡಿ ಭಂಡಾರವನ್ನು ಗುಂಡಿಗೆ ಸುರಿದಳು, ಆಮೇಲೆ ಚೀಲವನ್ನೂ ಹಾಕಿದಳು. ಅವಳ ಬಲಗೈ ಹಳದಿಯಾಗಿತ್ತು. ಎರಡು ದಿನ ಹಾಗೇ ಇತ್ತು. ಊಟಕ್ಕೆ ಕುಳಿತಾಗ ಎಡಗೈಯಿಂದ ಅದನ್ನು ಮುಚ್ಚಿಕೊಳ್ಳುತ್ತಿದ್ದಳು. ಬುಧವಾರ ಸಂತೆಗೆ ಬಂದ ಹುಲ್ಲಪ್ಪ ಮಗಳನ್ನು ನೋಡಲು ಬಂದ. ಅವಳು ಅವನ ಹಿಂದೆ ನಡೆದುಬಿಟ್ಟಳು. ಬಾಗಿಲಲ್ಲಿ ಒಂದು ಸಲ ನಿಂತು ಹಿಂತಿರುಗಿ ನೋಡಿದ್ದು ಯೂನಿಸಬಾಯಿಯನ್ನಲ್ಲ, ರಂಗವ್ವನನ್ನು.

ರಂಗವ್ವನ ಹಾಸಿಗೆ ಬೋರವ್ವನ ಹಾಸಿಗೆಯ ಪಕ್ಕದ್ದು. ಆ ಚೀಲವನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. ಪ್ರಾರ್ಥನಾ ಕೂಟದಲ್ಲಿ ಏನು ನಡೆಯುತ್ತದೆಂದು ಹುಡುಗಿಯರಿಗೆ ಗೊತ್ತಿರಲಿಲ್ಲ. ಹೀಗಾಗಿ ಹೇಳಿದವಳು ರಂಗವ್ವನೇ ಎಂದು ಇಡೀ ಶಾಲೆಗೆ ಗೊತ್ತಾಯಿತು. ಊಟದ ಸಾಲಿನಲ್ಲಿ ಅವಳ ಎರಡೂ ಬದಿಗೆ ಒಂದೊಂದು ಮೊಳ ಜಾಗ ಬಿಟ್ಟು ಕೂಡತೊಡಗಿದರು. ‘ಚಾಡಿ ರಂಗಿ’ ಎಂದು ಗೋಡೆಯ ಮೇಲೆ ಇದ್ದಲಿನಿಂದ ಯಾರೋ ಬರೆದರು. ಯೂನಿಸಬಾಯಿ ಅದನ್ನು ತಾನೇ ಒದ್ದೆ ಬಟ್ಟೆಯಿಂದ ಒರೆಸಿದಳು. ಬರೆದವರು ಯಾರೆಂದು ಕ್ಲಾಸಿನಲ್ಲಿ ಸಿಟ್ಟಿನಿಂದ ಕೇಳಿದಳು ಕೂಡ. ರಂಗವ್ವ ಅವಳ ಕೋಣೆಗೆ ಬಂದು, ‘ನಾ ಹೇಳಿಲ್ರಿ ಬಾಯಾರ, ನೀವರ ನಂಬ್ತೀರಿಲ್ಲೋ?’ ಎಂದು ಅತ್ತಾಗ, ‘ನಂಬ್ತೇನಿ’ ಎಂದು ಒಂದು ಪೇರಲ ಹಣ್ಣು ಕೊಟ್ಟಳು. ರಂಗವ್ವ ಆ ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಐದು ದಿನ ಉಳಿದಾಗ ಮಿಸ್ಸಿಯವರು, ‘ಆ ಹುಡುಗಿ ತಪ್ಪಿಸಿಕೊಂಡರೆ ಮುಂದೆ ಯಾರೂ ಅವಳನ್ನು ಓದಿಸುವುದಿಲ್ಲ. ನೀವೇ ಹೋಗಿರಿ. ನಿಮ್ಮನ್ನು ಆಕೆ ನಂಬುತ್ತಾಳೆ’ ಎಂದಿದ್ದರು.

ಹಟ್ಟಿ ರಸ್ತೆಯ ಬದಿಯಲ್ಲಿಯೇ ಇತ್ತು. ಜೋಳ ಕೊಯ್ದ ಹೊಲದಲ್ಲಿ, ಗೊಬ್ಬರಕ್ಕೆಂದು ರೈತನೊಬ್ಬ ನಿಲ್ಲಿಸಿಕೊಂಡ ಮುನ್ನೂರು ಕುರಿ; ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತುರುಕಿಕೊಂಡು ಬಿಸಿಲಿಗೆ ನಿಂತಿದ್ದವು. ಶಾಲೆಯ ಹಜಾರದಲ್ಲಿ ಹೆಗಲ ಮೇಲೆ ಮರಿ ಹೊತ್ತ ಕುರುಬನದೊಂದು ಚಿತ್ರವಿದೆ; ಅದರಲ್ಲಿ ಕುರಿಗಳು ಈಗಷ್ಟೇ ಒಗೆದ ಹಾಗಿವೆ. ಇವುಗಳ ಉಣ್ಣೆಯಲ್ಲಿ ಹಿಕ್ಕೆ, ಮುಳ್ಳು, ಧೂಳು. ಒಂದು ನಾಯಿ ಎದ್ದು ಬಂತು.

‘ಬರ್ರಿ ಬಾಯಾರ, ಬರ್ರಿ!’ ಹುಲ್ಲಪ್ಪ ಮೂರು ಕೋಲಿಗೆ ಕಟ್ಟಿದ ಕಂಬಳಿಯ ನೆರಳಿನಿಂದ ಓಡಿ ಬಂದ. ‘ನಾಯಿಗೆ ಅಂಜಬ್ಯಾಡ್ರಿ, ಸಾಲಿ ಕಲ್ತವರನ್ನ ಅದು ಕಡಿಯೂದಿಲ್ಲ. ನಮ್ಮಂಥ ಹೆಡ್ಡರನ್ನ ಅಷ್ಟ ಕಡೀತೈತಿ. ಏ ನಬಿಸಾಬ, ನೀ ದೂರ ನಿಲ್ಲಲೇ!’

ಬೋರವ್ವ ಉಣ್ಣೆ ನೂಲುತ್ತಿದ್ದವಳು ಎದ್ದು ನಿಂತಿದ್ದಳು, ಕ್ಲಾಸಿಗೆ ಯಾರಾದರೂ ಬಂದಾಗ ನಿಲ್ಲುವಂತೆ, ಕೈ ಎರಡೂ ಪಕ್ಕಕ್ಕೆ. ಶಾಲೆಯ ನೀಲಿ ಕುಪ್ಪಸವನ್ನೇ ತೊಟ್ಟಿದ್ದಳು. ಅವಳ ಮುಖ ಅರಳಿದ್ದನ್ನು ನೋಡಲಾರದೆ ಯೂನಿಸಬಾಯಿ ಕೊಡೆ ಮಡಿಸುವುದರಲ್ಲಿ ಹೊತ್ತು ಕಳೆದಳು.

‘ನೀವ ಬರ್ತೀರಿ ಅಂತ ನನಗ ಗೊತ್ತಿತ್ರಿ,’ ಎಂದಳು ಬೋರವ್ವ. ‘ಅಪ್ಪಗ ಅಂದಿದ್ದೆ. ಹೌದಿಲ್ಲೋ ಅಪ್ಪಾ?’

‘ದಿನಾ ಅಂತಿದ್ಳ್ರಿ. ಹಾದಿ ಮ್ಯಾಲ ಕೊಡಿ ಕಂಡ್ರ ಸಾಕು, ಬಾಯಾರ ಬಂದ್ರು ಅಂತ ಓಡೂದು. ಮೊನ್ನಿ ಕೊಡಿ ಹಿಡಕೊಂಡು ಬಂದಾವ ಪೂಜಾರಿ!’ ಹುಲ್ಲಪ್ಪ ಕಂಬಳಿ ಝಾಡಿಸಿ ಹಾಸಿದ. ‘ಕುಂದರ್ರಿ. ಚುಚ್ಚತೈತಿ, ಆದ್ರ ತಂಪ ಐತಿ.’

ಅವಳು ಕುಳಿತಳು. ಮಜ್ಜಿಗೆ ಬಂತು, ಕುಡಿದಳು. ದಾರಿಯುದ್ದಕ್ಕೂ ತಿದ್ದಿದ ಮಾತುಗಳಲ್ಲಿ ಅತ್ಯಂತ ಚಿಕ್ಕದು ಬಾಯಿಗೆ ಬಂತು. ‘ಸೋಮವಾರ ಪರೀಕ್ಷೆ.’

ಬೋರವ್ವ ತಂದೆಯ ಮುಖ ನೋಡಿದಳು. ಹುಲ್ಲಪ್ಪ ತಲೆಯ ಪಟಗ ತೆಗೆದು ಮತ್ತೆ ಸುತ್ತಿಕೊಂಡ. ‘ಅಕಿಗೆ ಬರೂ ಮನಸ್ಸು ಐತ್ರಿ. ಸುಳ್ಳ ಯಾಕ ಹೇಳ್ಲಿ. ಕುರಿ ಕಾಯೂಮುಂದ ಪುಸ್ತಕ ಹಿಡದು ನಿಂದರ್ತಾಳ, ಮರಿ ಇನ್ನೊಬ್ಬರ ಹೊಲಕ್ಕ ಬಿದ್ರೂ ಖಬರಿಲ್ಲ. ಆದ್ರ ಒಂದು ತೊಡಕ ಮಾಡಿಕೊಂಡಾಳ. ಬಂದ ದಿನಾನ ಬೀರಪ್ಪನ ಮುಂದ ಭಂಡಾರ ಮುಟ್ಟಿ ಆಣಿ ಮಾಡಿದ್ಳ್ರಿ. ನನ್ನ ಮಾತ ಯಾರು ಹೊರಗ ಹಾಕ್ಯಾರ, ಜೀವ ಇರೂತನಕ ಅವರ ಕೂಡ ಮಾತಾಡೂದಿಲ್ಲ ಅಂತ. ಸಿಟ್ಟಿನಾಗ ಮುಟ್ಟಬ್ಯಾಡ ಅಂತ ಹೇಳ್ತನ ಇದ್ದೆ. ಮುಟ್ಟಿಬಿಟ್ಟಿದ್ಳು. ಈಗ ಆ ರಂಗವ್ವ ಬಾಜೂಕ ಮಲಗಾಕಿ, ಒಂದ ಗಂಗಾಳದಾಗ ಉಂಡಾಕಿ. ಅಕಿ ಕೂಡ ಮಾತ ಬಿಟ್ಟು ಆ ಮನಿಯಾಗ ಹೆಂಗ ಇರ್ತಾಳ್ರಿ? ಮಾತಾಡಿದ್ರ ದೇವರ ತಪ್ಪು. ಆಡದಿದ್ರ ನನ್ನ ಎದಿ ಒಡೀತೈತಿ ಅಂತಾಳ.’

ಕುರಿಯೊಂದು ಕೆಮ್ಮಿತು, ಮನುಷ್ಯರ ಹಾಗೆ. ‘ರಂಗವ್ವ ಹೇಳಿಲ್ಲ,’ ಎಂದಳು ಯೂನಿಸಬಾಯಿ.

ಅಪ್ಪ ಮಗಳು ಇಬ್ಬರೂ ಅವಳನ್ನು ನೋಡಿದರು. ಹುಲ್ಲಪ್ಪನ ಮುಖ ಬಿಚ್ಚಿಕೊಂಡಿತು. ಅವನು ಒಳಗೆ ಹೋಗಿ, ಕೋಲಿಗೆ ಕಟ್ಟಿದ್ದ ತನ್ನ ಭಂಡಾರದ ಚಿಕ್ಕದೊಂದು ಹಳದಿ ಚೀಲವನ್ನು ತಂದು, ಅಂಗೈಯ ಮೇಲೆ ಇಟ್ಟು ಅವಳ ಮುಂದೆ ಹಿಡಿದ. ‘ಭಾಳ ಚೊಲೋ ಆತ್ರಿ! ಹಂಗಾದ್ರ ಇದನ್ನ ಮುಟ್ಟಿ ರಂಗವ್ವ ಅಲ್ಲ ಅಂತ ಒಂದು ಮಾತು ಅಂದುಬಿಡ್ರಿ. ಮುಟ್ಟಿ ಕಟ್ಟಿದ್ದು ಮುಟ್ಟೀನ ಬಿಡಸಬೇಕು.’

‘ನಮ್ಮಲ್ಲಿ ಆಣೆ ಮಾಡೂದಿಲ್ಲ. ಇದನ್ನ ಮುಟ್ಟೂದೂ ಇಲ್ಲ.’ ಎಷ್ಟು ಬೇಗ ಬಂತು ಆ ಮಾತು, ಎಷ್ಟು ಗಟ್ಟಿಯಾಗಿ! ಕ್ಲಾಸಿನ ಕೊನೆಯ ಬೆಂಚಿಗೂ ಮುಟ್ಟುವ ದನಿ. ಆ ದನಿಯ ಹಿಂದೆಯೇ ಮೈಯೆಲ್ಲ ಹಗುರಾದದ್ದೂ ತಿಳಿಯಿತು. ಹೌದು, ತಾನು ಮುಟ್ಟುವಂತಿಲ್ಲ. ಮುಟ್ಟುವಂತಿಲ್ಲವಾದ್ದರಿಂದ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ನಂಬಿಕೆಗಾಗಿ ನಿಂತವಳಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದೇನೆ. ದೇವರನ್ನು ಹೀಗೆ ಬಾಗಿಲಿಗೆ ಅಡ್ಡ ನಿಲ್ಲಿಸಿಕೊಳ್ಳುವುದು ಇದು ಎಷ್ಟನೆಯ ಸಲ? ಹುಲ್ಲಪ್ಪ ಕೈ ಹಿಂದಕ್ಕೆ ತೆಗೆದುಕೊಂಡು, ‘ತಪ್ಪಾತ್ರಿ, ತಿಳೀಲಿಲ್ಲ’ ಎಂದ. ಅಷ್ಟು ದೊಡ್ಡ ಗಂಡಸು ಚೀಲವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದು ನಿಂತದ್ದನ್ನು ನೋಡಿ ಅವಳ ಕಿವಿ ಬಿಸಿಯಾಯಿತು.

‘ಏನಪ್ಪಾ ನೀನು!’ ಬೋರವ್ವ ತಂದೆಗೆ ಬೈದಳು. ‘ಬಾಯಾರಿಗೆ ಮುಟ್ಟು ಅಂತೀ? ಅವರು ಬರೇ ಅಂದ್ರೂ ಮುಟ್ಟಿ ಅಂದಂಗ.’ ಆಮೇಲೆ ಇತ್ತ ತಿರುಗಿ, ‘ರಂಗವ್ವ ಅಲ್ಲ ಅಂದ್ರ ಅಲ್ರಿ. ನಾ ಬರ್ತೇನಿ’ ಎಂದು ಆಗಲೇ ಗಂಟು ಕಟ್ಟತೊಡಗಿದಳು. ಪಾಟಿ, ಎರಡು ಪುಸ್ತಕ, ಒಂದು ಸೀರೆ. ಕಟ್ಟುತ್ತ ಕಟ್ಟುತ್ತ ಮಾತು ಹರಿಯಿತು, ಎಂಟು ದಿನ ಕಟ್ಟಿ ಹಾಕಿದ್ದೆಲ್ಲ. ‘ಅಕಿ ಮುಂದ ಹೋಗಿ ಏನನ್ಲಿ ಈಗ? ದಿನಾ ಶಾಪ ಹಾಕೀನ್ರಿ. ಮತ್ತ ಹೇಳಿದವರು ಯಾರು ಅಂತ ನಾ ಕೇಳೂದಿಲ್ರಿ ನಿಮ್ಮನ್ನ. ಗೊತ್ತಾದ್ರ ಅವರ ಕೂಡ ಮಾತ ಬಿಡಬೇಕಾಗತೈತಿ. ಗೊತ್ತಿಲ್ಲದಿದ್ರ ಎಲ್ಲಾರ ಕೂಡಾನೂ ಆಡಬಹುದು.’

ಅಷ್ಟೇ. ಇನ್ನೇನೂ ಬೇಕಾಗಿರಲಿಲ್ಲ. ಹುಡುಗಿ ಬರುತ್ತಾಳೆ, ಪರೀಕ್ಷೆಗೆ ಕೂಡುತ್ತಾಳೆ, ರಂಗವ್ವನ ಪಕ್ಕದಲ್ಲಿ ಮಲಗುತ್ತಾಳೆ. ಯಾರೂ ಏನನ್ನೂ ಕೇಳುವುದಿಲ್ಲ. ಏಳಬೇಕು, ಕೊಡೆ ಬಿಚ್ಚಬೇಕು, ಅಷ್ಟೇ. ಯೂನಿಸಬಾಯಿ ಎದ್ದಳು ಕೂಡ. ಬೋರವ್ವ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿರ ಬಂದು, ತಂದೆಗೆ ಕೇಳಿಸದಂತೆ ದನಿ ತಗ್ಗಿಸಿದಳು. ಅವಳ ಕೂದಲಿನಿಂದ ಉಣ್ಣೆಯ ಜಿಡ್ಡಿನ ವಾಸನೆ ಬಂತು. ‘ಬಾಯಾರ, ಇನ್ನ ಮ್ಯಾಲ ಏನಿದ್ರೂ ನಿಮ್ಮೊಬ್ರಿಗೇ ಹೇಳ್ತೇನಿ. ಈಗೊಂದು ಐತ್ರಿ. ಇಲ್ಲಿ ಬಂದ ಮ್ಯಾಲ ಆಗಿದ್ದು. ಯಾರಿಗೂ ಹೇಳಿಲ್ಲ. ಹೇಳ್ಲೇನ್ರಿ?’

ಬೇವಿನ ಕಟ್ಟೆಯ ಮೇಲೆ ಇಂಥ ಇನ್ನೂ ಎಷ್ಟು ಗುರುವಾರಗಳು. ಈ ಬಾಯಿ ಹೀಗೇ ತೆರೆಯುತ್ತದೆ, ತಾನು ಹೀಗೇ ತಲೆಯ ಮೇಲೆ ಕೈ ಇಡುತ್ತೇನೆ.

‘ಹೇಳಬ್ಯಾಡ,’ ಎಂದಳು. ‘ಹೇಳಬ್ಯಾಡ ಬೋರವ್ವ. ನಾನ.’

‘ಏನ್ರಿ?’

‘ನಿನ್ನ ಮಾತು ಹೊರಗ ಹಾಕಿದಾಕಿ ನಾನ. ಶನಿವಾರ ಪ್ರಾರ್ಥನಾದಾಗ. ಎಲ್ಲಾ ಬಾಯಾರ ಮುಂದ, ಮಿಸ್ಸಿಯವರ ಮುಂದ. ನಿನ್ನ ಸಲುವಾಗಿ ಬೇಡಿಕೊಳ್ಳಾಕತ್ತೀನಿ ಅಂತ ಹೇಳಿದೆ. ನಿನ್ನ ಸಲುವಾಗಿ ಅಲ್ಲ ಅದು.’

ಯಾರ ಸಲುವಾಗಿ ಎಂಬುದನ್ನು ಹೇಳಲು ಬಾಯಿ ತೆರೆದಳು. ಆದರೆ ದಪ್ಪ ಆಮೆನ್ನಿನ ಸಂಗತಿಯನ್ನು ಕುರಿಗಳ ನಡುವೆ ನಿಂತು ಹೇಳುವುದು ಹೇಗೆ? ಬೋರವ್ವ ಅವಳನ್ನು ನೋಡುತ್ತಿದ್ದಳು. ಸಿಟ್ಟು ಇರಲಿಲ್ಲ, ಕಠಿಣ ಲೆಕ್ಕವನ್ನು ಮೊದಲ ಸಲ ಓದುವಾಗಿನ ಮುಖ.

‘ಎಷ್ಟು ಮಂದಿ ಇದ್ರಿ?’

‘ಹನ್ನೊಂದು.’

‘ನಮ್ಮವ್ವನ ಸೆರಗಿಂದೂ ಹೇಳಿದ್ರೇನು?’

‘ಹೇಳಿದೆ.’

‘ಪಾಪ ಅಲ್ಲ ಅಂದಿದ್ರಿ ನನಗ.’

‘ಅಂದಿದ್ದೆ. ಅದ ಖರೆ ಇತ್ತು.’

ಬೋರವ್ವ ಪಾದದ ಹೆಬ್ಬೆರಳಿನಿಂದ ಮಣ್ಣು ಕೆದರಿದಳು, ಕಟ್ಟೆಯ ಮೇಲೆ ಮಾಡುವಂತೆಯೇ. ಆಮೇಲೆ ಕೇಳಿದಳು, ನಿಜವಾಗಿಯೂ ತಿಳಿಯಬೇಕೆಂಬಂತೆ: ‘ದೇವರಿಗೆ ಮೆಲ್ಲಕ ಹೇಳಿದ್ರ ಕೇಳ್ತಿದ್ದಿಲ್ಲೇನ್ರಿ?’

ಉತ್ತರಕ್ಕೆ ಅವಳು ಕಾದಳು. ಬೋರವ್ವ ಕೆಳಗೆ ನೋಡಿದಳು. ಬಲಗೈಯನ್ನು ತಿರುವಿ ಅಂಗೈ ನೋಡಿಕೊಂಡಳು. ಮತ್ತೆ ತಲೆ ಎತ್ತಿದಾಗ ಅವಳ ಕಣ್ಣು ಯೂನಿಸಬಾಯಿಯ ಹೆಗಲ ಮೇಲಿಂದ ಹಾದು ತಂದೆಯ ಮೇಲೆ ನಿಂತಿತ್ತು.

‘ಅಪ್ಪಾ,’ ಎಂದಳು. ‘ಗಾಡಿ ಎಷ್ಟಕ್ಕ ಅಂತ ಅವರನ್ನ ಕೇಳು.’

ಹುಲ್ಲಪ್ಪ ಇಬ್ಬರನ್ನೂ ನೋಡಿದ. ಮಗಳು ಮಾತು ಬಿಟ್ಟದ್ದು ಇವರ ಕೂಡ ಎಂದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಬೆನ್ನ ಹಿಂದಿದ್ದ ಚೀಲವನ್ನು ಸೊಂಟಕ್ಕೆ ಸಿಗಿಸಿಕೊಂಡ. ‘ಗಾಡಿ... ಎಷ್ಟಕ್ಕ ಐತ್ರಿ ಬಾಯಾರ?’

‘ಮೂರೂವರೆಗೆ.’

‘ಮೂರೂವರಿಗಂತವಾ,’ ಎಂದು ಅವನು ಮಗಳಿಗೆ ಹೇಳಿದ, ಆಕೆ ಹೊಲದ ಆಚೆ ಇದ್ದಾಳೋ ಎಂಬಂತೆ ಗಟ್ಟಿಯಾಗಿ.

ಸ್ಟೇಶನ್ನಿನವರೆಗೆ ಅವನೂ ಟಾಂಗಾದಲ್ಲಿ ಬಂದ. ಮಗಳು ಮುಂದೆ ನಬಿಸಾಬನ ಪಕ್ಕದಲ್ಲಿ, ಯೂನಿಸಬಾಯಿ ಹಿಂದೆ, ನಡುವೆ ಅವನು. ಬೋರವ್ವ ಪುಸ್ತಕ ತೆಗೆದಿದ್ದಳು. ‘ಅಪ್ಪಾ, ಘಟಪ್ರಭಾ ಎಲ್ಲಿ ಕೃಷ್ಣಾಕ್ಕ ಕೂಡತೈತಿ?’

‘ಕುರಿಗೆ ನೀರು ಕುಡಿಸೂ ಜಾಗಾ ಕೇಳಿದ್ರ ಹೇಳ್ತಿದ್ದೆ,’ ಎಂದ ಹುಲ್ಲಪ್ಪ. ಹಿಂತಿರುಗಿ, ‘ಎಲ್ಲಿ ಕೂಡತೈತ್ರಿ?’

‘ಚಿಕ್ಕಸಂಗಮದ ಹತ್ರ.’

‘ಚಿಕ್ಕಸಂಗಮಂತ.’

‘ಏನಲೇ ಹುಲ್ಲಪ್ಪ, ವಕೀಲಕಿ ಹಿಡದಿಯೇನು?’ ನಬಿಸಾಬ ನಕ್ಕ. ಯಾರೂ ನಗಲಿಲ್ಲವಾದ್ದರಿಂದ ಅವನು ಕುದುರೆಗೆ ಏನೋ ಹೇಳಿದ. ಪ್ಲಾಟ್‌ಫಾರ್ಮಿನಲ್ಲಿ ಹುಲ್ಲಪ್ಪ ಯೂನಿಸಬಾಯಿಯನ್ನು ಒಂದು ಬದಿಗೆ ಕರೆದ. ‘ಮುಟ್ಟಿದ್ದನ್ನ ಬಿಡಸಬಹುದ್ರಿ ಬಾಯಾರ. ನಾ ಬಿಡಸಾಕ ಬರೂದಿಲ್ಲ, ನೀವೂ ಅಲ್ಲ. ಅಕಿಗೆ ತಾನ ಅನಿಸಬೇಕು. ಅಕಿ ಅವ್ವಗ ಅನಿಸೂದು ಭಾಳ ತಡಾ ಆಗ್ತಿತ್ತು.’ ಅವನು ತಪ್ಪು ತನ್ನದೇ ಎಂಬಂತೆ ಕೈ ಮುಗಿದ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಗಾಡಿ ಹೊರಟಾಗ ಹೆಂಗಸರ ಡಬ್ಬಿಯಲ್ಲಿ ಅವರಿಬ್ಬರೇ. ಎದುರು ಬದುರು ಹಲಗೆ. ನಡುವೆ ಮಾತು ದಾಟಿಸುವವರು ಯಾರೂ ಇರಲಿಲ್ಲ. ಬಾಗಲಕೋಟೆ ಬಂದೊಡನೆ ಮೊದಲು ರಂಗವ್ವನ ಮುಂದೆ ಹೋಗಿ ನಿಲ್ಲಬೇಕು. ಆಮೇಲೆ ಮಿಸ್ಸಿಯವರ ಮುಂದೆ. ಶನಿವಾರ ಮತ್ತೆ ಬರುತ್ತದೆ, ತನ್ನ ಸರದಿ ಬರುತ್ತದೆ, ಹತ್ತು ಜನ ಕಣ್ಣು ಮುಚ್ಚಿಕೊಂಡು ಕಾಯುತ್ತಾರೆ. ಈಗಲೇ, ಇಲ್ಲಿಯೇ, ತುಟಿ ಅಲುಗಿಸದೆ ಒಂದು ಪ್ರಾರ್ಥನೆ ಮಾಡಿ ನೋಡೋಣವೆಂದು ಅವಳು ಯತ್ನಿಸಿದಳು. ಕರ್ತನೇ ಎಂದು ಶುರುಮಾಡಿದಳು. ಬಂದ ಒಂದೊಂದು ಮಾತೂ ಯಾರೋ ಕೇಳುತ್ತಿದ್ದಾರೆಂಬಂತೆ ಸಿಂಗರಿಸಿಕೊಂಡು ಬರುತ್ತಿತ್ತು. ಅವಳು ಬಿಟ್ಟುಬಿಟ್ಟಳು.

ಬೋರವ್ವ ಪಾಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಲೆಕ್ಕ ಮಾಡುತ್ತಿದ್ದಳು. ತೊಟ್ಟಿಗೆ ಮೂರು ನಳ, ಒಂದು ತುಂಬಿಸುತ್ತದೆ, ಎರಡು ಖಾಲಿ ಮಾಡುತ್ತವೆ. ಗಾಡಿಯ ಕುಲುಕಾಟವೋ ಏನೋ, ಬಳಪ ಹಿಡಿದ ಕೈ ನಡುಗುತ್ತಿತ್ತು. ಅವಳು ಒಂದು ಸಲ ನಿಲ್ಲಿಸಿ ಸುತ್ತ ನೋಡಿದಳು, ಎದ್ದು ಎಲ್ಲಿಗೋ ಹೋಗಬೇಕಾದವಳಂತೆ. ಹೋಗಲು ಎಲ್ಲಿಯೂ ಇರಲಿಲ್ಲ. ಮತ್ತೆ ಬಗ್ಗಿದಳು, ಬರೆದಳು, ಒರೆಸಿದಳು, ಅದನ್ನೇ ಬರೆದಳು. ಯೂನಿಸಬಾಯಿ ಕುಳಿತ ಕಡೆಯಿಂದ ಅಂಕಿಗಳು ತಲೆಕೆಳಗಾಗಿ ಕಾಣುತ್ತಿದ್ದವು. ತಪ್ಪು ಎಲ್ಲಿದೆ ಎಂಬುದೂ ಕಾಣುತ್ತಿತ್ತು. ಎರಡನೆಯ ಸಾಲಿನಿಂದ ಮೂರನೆಯದಕ್ಕೆ ಇಳಿಸುವಾಗ ಒಂದು ಏಳು ಬಿಟ್ಟುಹೋಗಿತ್ತು. ಹೇಳಬೇಕೋ ಬೇಡವೋ ಎಂದು ಒಂದು ಸ್ಟೇಶನ್ ಕಳೆಯಿತು. ಗುಳೇದಗುಡ್ಡ ರೋಡ್ ಸ್ಟೇಶನ್ನಿನಲ್ಲಿ ಯಾರೂ ಹತ್ತಲಿಲ್ಲ.

‘ಎರಡನೇ ಸಾಲಿನ ಏಳು ಕೆಳಗ ಬಿಟ್ಟೈತಿ,’ ಎಂದಳು ಕಿಟಕಿಯ ಕಡೆ ಮುಖ ಮಾಡಿ, ಮೆಲ್ಲಗೆ, ಗಾಡಿಯ ಸದ್ದಿನಲ್ಲಿ ಕೇಳಿಸದೆಯೂ ಇರಬಹುದಾದಷ್ಟು ಮೆಲ್ಲಗೆ.

ಬಳಪ ನಿಂತಿತು. ಬೋರವ್ವ ಬೆರಳನ್ನು ಒದ್ದೆ ಮಾಡಿ ಮೂರನೆಯ ಸಾಲನ್ನು ಒರೆಸಿದಳು, ಏಳನ್ನು ಬರೆದಳು, ಲೆಕ್ಕವನ್ನು ಕೊನೆಯತನಕ ತಂದಳು. ಆಮೇಲೆ ತಲೆ ಎತ್ತದೆ, ಪಾಟಿಯ ಮೇಲಿನ ಅಂಚು ಹಿಡಿದು, ಎದುರು ಕುಳಿತವರಿಗೆ ಕಾಣದ ಹಾಗೆ ಅದನ್ನು ತನ್ನ ಎದೆಯ ಕಡೆಗೆ ಓರೆ ಮಾಡಿಕೊಂಡಳು.